ಮಳೆಗಾಲ ತಾಳುವ ಆನ್‌ಲೈನ್ ಅರ್ಜಿ: ಉತ್ತರ ಕನ್ನಡದ ಪಂಚಾಯತಿಗಳಿಗೆ ಸಮಗ್ರ ಮಾರ್ಗದರ್ಶಿ

ಸೇವೆ ಆನ್‌ಲೈನ್ ಆಗಿದೆ ಅಂತ ಬೋರ್ಡ್ ಹಾಕುವುದು ಸುಲಭ. ಜುಲೈ ತಿಂಗಳು, ಜೋಯಿಡಾದ ಒಳಗಿನ ಒಂದು ಮಜರೆ, ಕರೆಂಟ್ ಹೋಗಿ ಎರಡನೇ ದಿನ. ಅಲ್ಲಿಂದ ಆ ಅರ್ಜಿ ಒಳಗೆ ಹೋಗುತ್ತದಾ? ನಮ್ಮ ಜಿಲ್ಲೆಯಲ್ಲಿ ಇದೇ ನಿಜವಾದ ಪರೀಕ್ಷೆ. ಬೆಂಗಳೂರಿನ ಎಸಿ ರೂಮಿನಲ್ಲಿ ಚೆಂದ ಕಂಡ ಎಷ್ಟೋ ಪುಟಗಳು ದೇವಿಮನೆ ಘಟ್ಟ ಇಳಿಯುವಷ್ಟರಲ್ಲಿ ಸುತ್ತುತ್ತಾ ನಿಂತುಬಿಡುತ್ತವೆ.

ಈ ಮಾರ್ಗದರ್ಶಿ ಪಿಡಿಒಗಳಿಗೆ (ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳಿಗೆ), ಪಂಚಾಯತಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗೆ, ಗ್ರಾಮ ಒನ್ ಸೇವಾ ಕೇಂದ್ರ ನಡೆಸುವವರಿಗೆ. ಊರಿಗೆ ಉಪಯೋಗ ಆಗುವ ಪ್ರಾಜೆಕ್ಟ್ ಮಾಡಬೇಕು ಅಂತಿರುವ ಕಾರವಾರ, ಶಿರಸಿ ಕಡೆಯ ಕಾಲೇಜು ಹುಡುಗ ಹುಡುಗಿಯರಿಗೂ ಹೌದು. ಎಲ್ಲ ಸೇವೆಯ ಬಗ್ಗೆ ಒಟ್ಟಿಗೆ ಹೇಳಲು ಹೋದರೆ ಯಾವುದೂ ತಲೆಗೆ ಹೋಗುವುದಿಲ್ಲ. ಅದಕ್ಕೆ ಒಂದೇ ಉದಾಹರಣೆ ಹಿಡಿದುಕೊಳ್ಳೋಣ: ಮಳೆಗೆ ಗೋಡೆ ಕುಸಿದಿದೆ, ಮಾಡಿನ ಮೇಲೆ ಮರ ಬಿದ್ದಿದೆ, ಅದನ್ನು ಪಂಚಾಯತಿಗೆ ತಿಳಿಸುವ ಅರ್ಜಿ. ಪರಿಹಾರದ ತೀರ್ಮಾನ ಕಂದಾಯ ಇಲಾಖೆಯದ್ದು, ಅದರ ಲೆಕ್ಕ ಅವರ ತಂತ್ರಾಂಶದಲ್ಲೇ ಆಗಬೇಕು. ನಾವು ಮಾಡುವುದು ಅದಕ್ಕೂ ಮೊದಲಿನ ಹೆಜ್ಜೆ. ಸುದ್ದಿ ಬೇಗ ಬರಬೇಕು, ಸರಿಯಾಗಿ ಬರಬೇಕು, ಬಂದದ್ದು ಕಳೆದುಹೋಗಬಾರದು.

ಆ್ಯಪ್ ಮಾಡಲು ಹೊರಟಿದ್ದರೆ ಇಲ್ಲೇ ನಿಲ್ಲಿ. ವರ್ಷಕ್ಕೊಮ್ಮೆ ಬೇಕಾಗುವ ಕೆಲಸಕ್ಕೆ ಯಾರೂ ಆ್ಯಪ್ ಇಳಿಸಿಕೊಳ್ಳುವುದಿಲ್ಲ. ಫೋನಿನಲ್ಲಿ ಜಾಗವೂ ಇರುವುದಿಲ್ಲ. ಒಂದು ಹಗುರ ವೆಬ್ ಪುಟ, ಅದೇ ಪ್ರಶ್ನೆಗಳಿರುವ ಒಂದು ಕಾಗದದ ಹಾಳೆ, ಫೋನ್ ಎತ್ತಿ ಅದೇ ಪ್ರಶ್ನೆ ಕೇಳುವ ಒಬ್ಬ ಮನುಷ್ಯ. ಈ ಮೂರಿದ್ದರೆ ಸಾಕು.

ಹೆಜ್ಜೆ 1: ಕೌಂಟರ್ ಪಕ್ಕ ಕೂರಿ

ಕಂಪ್ಯೂಟರ್ ಮುಟ್ಟುವ ಮೊದಲು ಪಂಚಾಯತಿಯ ಬಾಪೂಜಿ ಸೇವಾ ಕೇಂದ್ರದಲ್ಲೋ ಗ್ರಾಮ ಒನ್‌ನಲ್ಲೋ ಒಂದು ಕುರ್ಚಿ ಹಾಕಿಕೊಂಡು ಸುಮ್ನೆ ಕೂರಿ. ಬೆಳಗಿನ ಮೊದಲ ಬಸ್ಸಿಗೆ ಬಂದವರು ವಾಪಸ್ ಬಸ್ಸು ಹಿಡಿಯುವವರೆಗೆ ಏನೇನು ಆಗುತ್ತದೆ ಅಂತ ನೋಡಿ. ಯಾರು ಬಂದರು? ಕೈಯಲ್ಲಿ ಏನು ಹಿಡಿದು ಬಂದರು? ಯಾವ ಕಾಗದಕ್ಕಾಗಿ ವಾಪಸ್ ಹೋದರು? ಕೊನೆಯದು ಬಹಳ ಮುಖ್ಯ. ಬಸ್ ಬಿಡುವ ಟೈಮ್ ಹತ್ತಿರ ಬಂದರೆ ಅರ್ಧ ತುಂಬಿದ ಅರ್ಜಿ ಅಲ್ಲೇ ಬಿಟ್ಟು ಎದ್ದು ಹೋಗುತ್ತಾರೆ. ದಿನಕ್ಕೆ ಎರಡು ಬಸ್ಸು ಇರುವ ಊರಿನವರಿಗೆ ಬೇರೆ ದಾರಿಯಾದರೂ ಏನಿದೆ?

ಕೂತರೆ ಕಾಣುವ ಮೊದಲ ಸಂಗತಿ: ಅರ್ಜಿ ಯಾರದ್ದೋ ಅವರು ಕೀಬೋರ್ಡ್ ಮುಟ್ಟುವುದೇ ಇಲ್ಲ. ತುಂಬುವುದು ಆಪರೇಟರ್, ಇಲ್ಲವೇ ಪಕ್ಕದ ಮನೆಯ ಪಿಯುಸಿ ಹುಡುಗಿ, ಇಲ್ಲವೇ ಫೋನಿನಲ್ಲೇ ಕೇಳಿಕೊಂಡು ಬೆಂಗಳೂರಿನಿಂದ ತುಂಬುವ ಮಗ. ಕೌಂಟರಿನಲ್ಲಿ ಇಂಥ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ:

"ಅಮ್ಮ, ಈಗೊಂದು ಓಟಿಪಿ ಬಂತಲ್ಲ, ಹೇಳಿ."

"ಅದು ಮಗನ ಫೋನಿಗೆ ಹೋಗ್ತದೆ ತಮಾ. ಅಂವ ಡ್ಯೂಟಿಲಿದ್ರೆ ಎತ್ತೂದಿಲ್ಲ."

ಮಗ ಫೋನ್ ಎತ್ತುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿರುತ್ತದೆ. ಮತ್ತೆ ಮೊದಲಿನಿಂದ. ಹಿಂದೆ ಸಾಲಿನಲ್ಲಿ ನಿಂತವರು ಗಡಿಯಾರ ನೋಡುತ್ತಾರೆ. ಅಂದ ಮೇಲೆ ನೀವು ರೂಪಿಸಬೇಕಾದ ಪುಟ ಇಬ್ಬರಿಗೆ: ತೊಂದರೆ ಆದವರಿಗೆ, ಅವರ ಪರವಾಗಿ ತುಂಬುವವರಿಗೆ. "ನೀವು ಯಾರ ಪರವಾಗಿ ತುಂಬುತ್ತಿದ್ದೀರಿ? ನನಗಾಗಿ / ಬೇರೆಯವರಿಗಾಗಿ" ಎಂಬ ಆಯ್ಕೆ ಪುಟದಲ್ಲಿ ಇರಲೇಬೇಕು. ಇದೊಂದು ಇಲ್ಲದಿದ್ದರೆ ಮುಂದೆ ಎಲ್ಲ ಅರ್ಜಿಯಲ್ಲೂ ಆಪರೇಟರ್ ನಂಬರೇ ಇರುತ್ತದೆ, ಸಂದೇಶ ಅವರಿಗೇ ಹೋಗುತ್ತದೆ.

ಹಾಗೆಯೇ ಒಂದು ಹಾಳೆಯ ಮೇಲೆ ಪೂರ್ತಿ ದಾರಿ ಬರೆದುಕೊಳ್ಳಿ. ಗೋಡೆ ಕುಸಿಯಿತು, ವಾರ್ಡಿನ ಸದಸ್ಯರಿಗೆ ಫೋನ್ ಹೋಯಿತು, ಅವರು ಪಿಡಿಒಗೆ ಹೇಳಿದರು, ಗ್ರಾಮ ಆಡಳಿತ ಅಧಿಕಾರಿ (ಹಿರಿಯರ ಬಾಯಲ್ಲಿ ಇನ್ನೂ ಶಾನುಭೋಗರು) ಬಂದು ಪಂಚನಾಮೆ ಮಾಡಿದರು, ಕಡತ ತಹಶೀಲ್ದಾರರ ಕಚೇರಿಗೆ ಹೋಯಿತು, ದುಡ್ಡು ಖಾತೆಗೆ ಬಂತು ಅಥವಾ ಬರಲಿಲ್ಲ. ನಿಮ್ಮ ವೆಬ್ ಪುಟ ಇದರಲ್ಲಿ ಎಲ್ಲಿ ಕೂರುತ್ತದೆ? ಎಷ್ಟು ಹೊತ್ತು ಉಳಿಸುತ್ತದೆ? ಉತ್ತರ ಬರೆಯಲು ಆಗದಿದ್ದರೆ ಪುಟ ಮಾಡಬೇಡಿ. ಒಂದು ಮೊಬೈಲ್ ನಂಬರ್ ಬೋರ್ಡಿಗೆ ಬರೆದು ಹಾಕಿ, ಅದೇ ಹೆಚ್ಚು ಕೆಲಸ ಮಾಡುತ್ತದೆ.

ಹೆಜ್ಜೆ 2: ಪ್ರಶ್ನೆಗಳಿಗೆ ಕತ್ತರಿ

ಸರ್ಕಾರಿ ಫಾರ್ಮ್ ಬೆಳೆಯುವುದೇ ಭಯದಿಂದ. ಮುಂದೆ ಬೇಕಾದರೆ ಅಂತ ಒಬ್ಬರು ಒಂದು ಕಾಲಂ ಸೇರಿಸುತ್ತಾರೆ, ಆಡಿಟ್‌ನಲ್ಲಿ ಕೇಳಿದರೆ ಅಂತ ಇನ್ನೊಬ್ಬರು ಎರಡು. ಒಂದೊಂದು ಪ್ರಶ್ನೆಯ ಮುಂದೆಯೂ ಇದನ್ನು ಬರೆಯಿರಿ: ಈ ಉತ್ತರ ಬಂದ ಮೇಲೆ ಯಾರು, ಏನು ಮಾಡುತ್ತಾರೆ? ಉತ್ತರ ಇಲ್ಲದ ಪ್ರಶ್ನೆ ಹೊಡೆದುಹಾಕಿ. ಜಾತಿ, ಆದಾಯ, ತಂದೆಯ ಉದ್ಯೋಗ, ಇಮೇಲ್ ಎಲ್ಲ ಹೋಗುತ್ತದೆ. ಮಳೆಹಾನಿ ಸುದ್ದಿಗೆ ಇವು ಯಾವುದೂ ಬೇಡ.

ಆಧಾರ್ ನಂಬರ್ ಕೂಡ ಈ ಹಂತದಲ್ಲಿ ಬೇಡ. ಅದು ಬೇಕಾಗುವುದು ದುಡ್ಡು ಹಾಕುವಾಗ. ಬೆರಳಚ್ಚಂತೂ ಬೇಡವೇ ಬೇಡ. ಶಿರಸಿ, ಸಿದ್ದಾಪುರ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಯಂತ್ರದ ಮುಂದೆ ಕೈ ಇಟ್ಟವರಿಗೆ ಇದು ಗೊತ್ತು. ಚೊಗರು ಹತ್ತಿ ಬೆರಳು ಕಪ್ಪಾಗಿರುತ್ತದೆ, ರೇಖೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಬಲೆ ಎಳೆಯುವವರ ಕೈಯೂ ಅಷ್ಟೇ.

ಇನ್ನೊಂದು ಸೂಕ್ಷ್ಮ ವಿಷಯ ಮನೆಯ ದಾಖಲೆ. ಈ ಜಿಲ್ಲೆಯ ಬಹುಪಾಲು ನೆಲ ಅರಣ್ಯ. ಅತಿಕ್ರಮಣ ಜಾಗದಲ್ಲಿ ತಲೆಮಾರಿನಿಂದ ಮನೆ ಕಟ್ಟಿಕೊಂಡು ಇರುವವರು ಎಲ್ಲ ತಾಲೂಕಿನಲ್ಲೂ ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ ಕಾಯುತ್ತಿರುವವರೂ ಇದ್ದಾರೆ. ಇ-ಸ್ವತ್ತಿನ ನಮೂನೆ 9 ಅಥವಾ 11 (ಪಂಚಾಯತಿ ಕೊಡುವ ಆಸ್ತಿ ದಾಖಲೆ) ಅಪ್‌ಲೋಡ್ ಮಾಡಿದರೆ ಮಾತ್ರ ಮುಂದಕ್ಕೆ ಅಂತ ಪುಟ ಹಟ ಹಿಡಿದರೆ ಇವರೆಲ್ಲ ಮೊದಲ ಪುಟದಲ್ಲೇ ಹೊರಗೆ. ಪರಿಹಾರ ಸಿಗಬೇಕೋ ಬೇಡವೋ ಅಂತ ತೀರ್ಮಾನಿಸುವುದು ಅಧಿಕಾರಿಯ ಕೆಲಸ, ವೆಬ್ ಪುಟ ಅದನ್ನು ಮಾಡಬಾರದು. ಮನೆ ಗುರುತಿಸಲು ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ, ಅಂದರೆ ಆರ್‌ಆರ್ ನಂಬರ್ ಕೇಳಿ. ಹೆಸ್ಕಾಂ ಬಿಲ್ಲು ಬಾಗಿಲ ಸಂದಿಯಲ್ಲೋ ಕ್ಯಾಲೆಂಡರ್ ಹಿಂದೆಯೋ ಇದ್ದೇ ಇರುತ್ತದೆ. ಅದೂ ಇಲ್ಲದಿದ್ದರೆ ಖಾಲಿ ಬಿಡಲು ಅವಕಾಶ ಇರಲಿ.

ಕತ್ತರಿ ಆಡಿಸಿದ ಮೇಲೆ ಉಳಿಯುವುದು ಇಷ್ಟೇ:

ಯಾರಿಗಾದರೂ ಪೆಟ್ಟಾಗಿದೆಯಾ? ಈಗ ಆ ಮನೆಯಲ್ಲಿ ಮಲಗಬಹುದಾ?
ಏನಾಗಿದೆ? (ಗೋಡೆ / ಮಾಡು / ಕೊಟ್ಟಿಗೆ / ಮರ ಬಿದ್ದಿದೆ / ನೀರು ನುಗ್ಗಿದೆ / ಗುಡ್ಡ ಜರಿದಿದೆ)
ಯಾವಾಗ ಆಯಿತು? (ಇವತ್ತು / ನಿನ್ನೆ / ಬೇರೆ ದಿನ)
ಯಾವ ಊರು, ಯಾವ ಮಜರೆ? ಕರೆಂಟ್ ಬಿಲ್ಲಿನ ನಂಬರ್ (ಇದ್ದರೆ)
ಮನೆಯಲ್ಲಿ ಈಗ ಇರುವವರು ಯಾರು?
ಯಾರ ಪರವಾಗಿ ತುಂಬುತ್ತಿದ್ದೀರಿ? ಫೋನ್ ನಂಬರ್, ಅದು ಯಾರದ್ದು?
ಫೋಟೊ

ಪೆಟ್ಟಿನ ಪ್ರಶ್ನೆ ಮೊದಲು ಬಂದಿರುವುದು ಬೇಕೆಂದೇ. "ಹೌದು" ಅಂದರೆ ಉಳಿದ ಪ್ರಶ್ನೆ ಮಾಯವಾಗಿ 112 ಮತ್ತು 108 ದೊಡ್ಡ ಬಟನ್ ಆಗಿ ಕಾಣಬೇಕು, ಒತ್ತಿದರೆ ಫೋನ್ ಹೋಗಬೇಕು. ಅರ್ಜಿ ಆಮೇಲೆ ತುಂಬಿದರಾಯಿತು.

ಹೆಜ್ಜೆ 3: ಹೆಸರು, ವಿಳಾಸ, ತಾರೀಕು

ಬಹಳ ಅರ್ಜಿಗಳು ಬಿದ್ದುಹೋಗುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲ ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಅಂತ ಮೂರು ಡಬ್ಬಿ ಕೊಡಬೇಡಿ. ನಮ್ಮಲ್ಲಿ ಗಣಪತಿ ಸುಬ್ರಾಯ ಹೆಗಡೆ ಅಂದರೆ ನಡುವಿನದು ಅಪ್ಪನ ಹೆಸರು. ಮೀನುಗಾರರ ಕೇರಿಯಲ್ಲಿ, ಹಾಲಕ್ಕಿ ಕೊಪ್ಪದಲ್ಲಿ, ಸಿದ್ದಿಗಳ ಮನೆಗಳಲ್ಲಿ, ಭಟ್ಕಳದ ನವಾಯತರಲ್ಲಿ ಹೆಸರಿನ ಕಟ್ಟು ಬೇರೆ ಬೇರೆ. ಒಂದೇ ಉದ್ದ ಡಬ್ಬಿ ಕೊಡಿ: "ಪೂರ್ತಿ ಹೆಸರು, ನೀವು ಬರೆಯುವ ಹಾಗೆ". ಅದರ ಕೆಳಗೆ "ಊರಲ್ಲಿ ಕರೆಯುವ ಹೆಸರು ಅಥವಾ ಮನೆ ಹೆಸರು" ಅಂತ ಇನ್ನೊಂದು, ಕಡ್ಡಾಯ ಅಲ್ಲ. ಒಂದೇ ಊರಲ್ಲಿ ಮೂವರು ಗಣಪತಿ ಹೆಗಡೆ ಇರುವಾಗ ಸ್ಥಳ ನೋಡಲು ಬಂದವರಿಗೆ ದಾರಿ ತೋರಿಸುವುದು ಈ ಎರಡನೇ ಡಬ್ಬಿ.

ಪಹಣಿಯಲ್ಲಿ "ಬಿನ್", "ಕೋಂ" ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನಿಶಿಯಲ್ ಇರುತ್ತದೆ, ಆಧಾರ್‌ನ ಇಂಗ್ಲಿಷ್ ಕಾಗುಣಿತ ಮೂರನೇ ತರಹ. ಒಂದರಲ್ಲಿ ಗಣಪತಿಯ ಕೊನೆಗೆ ಟಿ-ಐ, ಇನ್ನೊಂದರಲ್ಲಿ ಟಿ-ಎಚ್-ಐ. ಕಂಪ್ಯೂಟರಿಗೆ ಇವರು ಇಬ್ಬರು ಬೇರೆ ಮನುಷ್ಯರು. ನಿಮ್ಮ ಪುಟ ಈ ಜಗಳಕ್ಕೆ ಹೋಗಬಾರದು. ಹೆಸರು ಹೊಂದಿಸುವ ಕೆಲಸವನ್ನು ಸ್ಥಳಕ್ಕೆ ಬರುವ ಅಧಿಕಾರಿಗೆ ಬಿಡಿ. ಅವರ ಪಟ್ಟಿಯಲ್ಲಿ "ದಾಖಲೆಯಲ್ಲಿ ಹೆಸರು ಬೇರೆ ಇದೆ" ಎಂಬ ಒಂದು ಟಿಕ್ ಇರಲಿ. ಇದ್ದರೆ ಬ್ಯಾಂಕಿನಲ್ಲಿ ದುಡ್ಡು ಸಿಕ್ಕಿಕೊಳ್ಳುವ ಮೊದಲೇ ಗೊತ್ತಾಗುತ್ತದೆ.

ಮನೆ ಯಾರ ಹೆಸರಲ್ಲಿದೆ, ಮನೆಯಲ್ಲಿ ಯಾರು ಇದ್ದಾರೆ, ಇವು ಎರಡು ಪ್ರಶ್ನೆ. ತೀರಿಹೋದ ಮಾವನ ಹೆಸರಲ್ಲೇ ಮನೆ ಇನ್ನೂ ಇರುತ್ತದೆ, ಒಳಗೆ ಇರುವುದು ಸೊಸೆ ಮತ್ತು ಮಕ್ಕಳು. "ಮಾಲೀಕರ ಹೆಸರು" ಅಂತ ಮಾತ್ರ ಕೇಳಿದರೆ ಆಕೆ ಸತ್ತವರ ಹೆಸರು ಬರೆಯಬೇಕು, ಇಲ್ಲ ಸುಳ್ಳು ಬರೆಯಬೇಕು.

ವಿಳಾಸದಲ್ಲಿ ಕ್ರಾಸ್, ಮೇನ್, ಬ್ಲಾಕ್ ಇರುವ ಫಾರ್ಮ್ ನೋಡಿದರೆ ನನಗೆ ನಗು ಬರುತ್ತದೆ. ಯಲ್ಲಾಪುರದ ಕಾಡಿನೊಳಗಿನ ಒಂಟಿ ಮನೆಗೆ ಯಾವ ಮೇನ್, ಯಾವ ಕ್ರಾಸ್? ಪಂಚಾಯತಿ, ಊರು, ಮಜರೆ ಅಥವಾ ಕೇರಿ, ಹತ್ತಿರದ ಗುರುತು. ಇದು ನಮ್ಮ ಕ್ರಮ. ಊರು ಮತ್ತು ಮಜರೆ ಟೈಪ್ ಮಾಡಿಸಬೇಡಿ, ಪಟ್ಟಿಯಿಂದ ಆರಿಸಲು ಕೊಡಿ. ಪಟ್ಟಿ ಪಂಚಾಯತಿಯಲ್ಲೇ ಇದೆ. ಆದರೆ ಜನ ಕರೆಯುವ ಹೆಸರು ಅದರಲ್ಲಿ ಇದೆಯಾ ಅಂತ ವಾಟರ್‌ಮ್ಯಾನ್ ಹತ್ತಿರ ಕೂತು ತಾಳೆ ನೋಡಿ. ಎಲ್ಲ ಮನೆ, ಎಲ್ಲ ಅಡ್ಡದಾರಿ ಗೊತ್ತಿರುವವರು ಅವರು. "ಪಟ್ಟಿಯಲ್ಲಿ ಇಲ್ಲ" ಎಂಬ ಆಯ್ಕೆ ಕೊನೆಗೆ ಇರಲೇಬೇಕು.

ಹುಟ್ಟಿದ ತಾರೀಕು ಕೇಳಲೇಬೇಕಾದ ಬೇರೆ ಸೇವೆ ಮಾಡುತ್ತಿದ್ದರೆ ಇಸವಿ ಒಂದೇ ಸಾಕಾಗುವಂತೆ ಮಾಡಿ. ಹಿರಿಯರಲ್ಲಿ ಶಾಲೆ ಮಾಸ್ತರು ಬರೆದ ಜೂನ್ 1ರವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು, ಅಲ್ವಾ?

ಹೆಜ್ಜೆ 4: ಪರದೆ ಮತ್ತು ಅಕ್ಷರ

ಕನ್ನಡವನ್ನು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ನಲ್ಲೇ ಇಡಿ. ಹಳೇ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿಟ್ಟ ಪಟ್ಟಿಗಳು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಹುಡುಕಿದರೆ ಸಿಗುವುದಿಲ್ಲ, ಅ-ಆ ಕ್ರಮದಲ್ಲಿ ಜೋಡಿಸಲು ಆಗುವುದಿಲ್ಲ. ಹೊಸ ನುಡಿಯಲ್ಲಿ ಯೂನಿಕೋಡ್ ಇದೆ, ಹಳೆಯದನ್ನು ಬದಲಾಯಿಸುವ ತಂತ್ರಾಂಶಗಳೂ ಇವೆ. ಬದಲಾಯಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಹೆಸರುಗಳನ್ನು ಒಮ್ಮೆ ಕಣ್ಣಾರೆ ನೋಡಿ. ಕೆಡುವುದು ಅಲ್ಲೇ ಜಾಸ್ತಿ.

ಫಾಂಟ್ ಬೇರೆ ಇಳಿಸುವ ಹಾಗೆ ಮಾಡಬೇಡಿ. ಈಗಿನ ಫೋನುಗಳಲ್ಲಿ ಕನ್ನಡ ಫಾಂಟ್ ಇದ್ದೇ ಇದೆ, ಅದನ್ನೇ ಬಳಸಿದರೆ ಪುಟ ಹಗುರ. ಅಕ್ಷರ 18 ಪಿಕ್ಸೆಲ್‌ಗಿಂತ ಚಿಕ್ಕದಾಗದಿರಲಿ. ಸಾಲಿನ ಅಂತರ ಅಕ್ಷರದ ಅಳತೆಯ 1.6 ಪಟ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್ನಿನಲ್ಲಿ ಕನ್ನಡ ಪದದ ಬಾಲ ಕತ್ತರಿಸಿ ಹೋಗುವುದನ್ನು ಎಷ್ಟು ಸರಕಾರಿ ಪುಟಗಳಲ್ಲಿ ನೋಡಿಲ್ಲ! ಬಟನ್ನಿಗೆ ಅಗಲ ನಿಗದಿ ಮಾಡಬೇಡಿ, ಪದಕ್ಕೆ ತಕ್ಕಂತೆ ಹಿಗ್ಗಲಿ. ಎತ್ತರ 48 ಪಿಕ್ಸೆಲ್ ಇದ್ದರೆ ಒದ್ದೆ ಬೆರಳಿಗೂ ಸಿಗುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಅಂತರ 4.5:1ಕ್ಕಿಂತ ಕಡಿಮೆ ಆಗಬಾರದು ಎಂದು ವೆಬ್ ಸುಗಮತೆಯ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಬೂದು ಬಣ್ಣದ ತೆಳು ಅಕ್ಷರ ಲ್ಯಾಪ್‌ಟಾಪಿನಲ್ಲಿ ಚೆಂದ, ಕಾರವಾರದ ಬಿಸಿಲಿನಲ್ಲಿ ಏನೂ ಕಾಣದು.

ತಪ್ಪಾದಾಗ ಬರುವ ಮಾತು ಗಮನಿಸಿ. "ಅಮಾನ್ಯ ನಮೂದು" ಅಂತ ಕೆಂಪಗೆ ಬರೆದರೆ ಅಜ್ಜಿಗೆ ಹೋಗಲಿ, ಆಪರೇಟರಿಗೂ ಗೊತ್ತಾಗುವುದಿಲ್ಲ. "ಮೊಬೈಲ್ ನಂಬರಿನಲ್ಲಿ 10 ಅಂಕಿ ಇರಬೇಕು, ಇಲ್ಲಿ 9 ಇದೆ" ಅಂತ ಬರೆಯಿರಿ. ಯಾರಾದರೂ ೯೪೪ ಅಂತ ಕನ್ನಡ ಅಂಕಿ ಒತ್ತಿದರೆ ಬೈಯದೆ ಒಳಗೇ ಬದಲಾಯಿಸಿಕೊಳ್ಳಿ. ನಾಲ್ಕು ಸಾಲು ಕೋಡ್ ಅಷ್ಟೇ.

ಉದ್ದ ವಿವರ ಬರೆಸುವ ಬದಲು ಮೂವತ್ತು ಸೆಕೆಂಡಿನ ಧ್ವನಿ ಕಳಿಸಲು ಬಿಡಿ. ಕರಾವಳಿಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ, ಘಟ್ಟದ ಮೇಲೆ ಹವ್ಯಕರ ಮಾತು. ಮಾತಾಡಿದರೆ ಯಾರ ಭಾಷೆ ಆದರೂ ಪಂಚಾಯತಿಯಲ್ಲಿ ತಿಳಿಯುವವರು ಇರುತ್ತಾರೆ. ಬರೆಯಿರಿ ಅಂದರೆ ಅರ್ಧ ಜನ ಸುಮ್ಮನಾಗುತ್ತಾರೆ.

ಹೆಜ್ಜೆ 5: ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ ಅಂತಲೇ ಶುರು ಮಾಡಿ

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ-66 ಅನೇಕ ದಿನ ಬಂದ್ ಆಯಿತು. ಮರುತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ದೇವಿಮನೆ, ಅರಬೈಲ್, ಅಣಶಿ ಘಟ್ಟಗಳಲ್ಲಿ ಮಣ್ಣು ಜಾರುವುದು ನಮಗೆ ಹೊಸತಲ್ಲ. ಮಳೆಹಾನಿ ಅರ್ಜಿ ಬೇಕಾಗುವುದು ಇಂಥ ದಿನಗಳಲ್ಲೇ. ತಾಲೂಕು ಕೇಂದ್ರಕ್ಕೆ ಹೋಗಲು ದಾರಿ ಇಲ್ಲ, ಟವರಿಗೆ ಡೀಸೆಲ್ ಹೋಗಿಲ್ಲ, ಫೋನಿನಲ್ಲಿ ಚಾರ್ಜ್ ಸ್ವಲ್ಪವೇ ಇದೆ.

ತಂತ್ರಜ್ಞಾನದ ಕಡೆಯಿಂದ ಇದಕ್ಕೆ ಉತ್ತರ ಹೊಸದೇನಲ್ಲ. ಪುಟ ಒಮ್ಮೆ ತೆರೆದ ಮೇಲೆ ಫೋನಿನಲ್ಲೇ ಉಳಿಯುವಂತೆ ಸರ್ವಿಸ್ ವರ್ಕರ್ (ಬ್ರೌಸರಿನ ಹಿನ್ನೆಲೆಯಲ್ಲಿ ಕೆಲಸ ಮಾಡುವ ಸಣ್ಣ ಕೋಡ್) ಹಾಕಿ. ಪ್ರತಿ ಉತ್ತರವೂ ಬರೆದ ಕ್ಷಣವೇ ಫೋನಿನ ಬ್ರೌಸರ್ ಒಳಗಿನ ಸಂಗ್ರಹ, ಅಂದರೆ ಇಂಡೆಕ್ಸ್‌ಡ್ ಡಿಬಿಯಲ್ಲಿ ಸೇರಲಿ. "ಸೇವ್" ಬಟನ್ ಬೇಡ. ನೆಟ್‌ವರ್ಕ್ ಸಿಗುವ ಗುಡ್ಡದ ತುದಿಗೆ ಅಥವಾ ಬಸ್‌ಸ್ಟ್ಯಾಂಡಿಗೆ ಬಂದು ಪುಟ ತೆರೆದಾಗ ಅದು ತಾನೇ ಹೋಗಬೇಕು. ಪರದೆಯ ಮೇಲೆ ಎರಡೇ ಸ್ಥಿತಿ ತೋರಿಸಿ: "ಫೋನಿನಲ್ಲಿದೆ, ಇನ್ನೂ ಹೋಗಿಲ್ಲ" ಮತ್ತು "ಪಂಚಾಯತಿಗೆ ಮುಟ್ಟಿದೆ". ಇವೆರಡರ ಬಣ್ಣವೂ ಬೇರೆ, ಗುರುತೂ ಬೇರೆ ಇರಲಿ. ಮುಟ್ಟುವ ಮೊದಲೇ ಧನ್ಯವಾದ ಹೇಳುವ ಪುಟದಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಅರ್ಜಿ ತೆರೆದ ಕೂಡಲೇ ಫೋನಿನಲ್ಲೇ ಒಂದು ಗುರುತಿನ ಸಂಖ್ಯೆ ಹುಟ್ಟಬೇಕು. ನೆಟ್‌ವರ್ಕ್ ಬಂದು ಹೋಗುವಾಗ ಜನ "ಕಳಿಸಿ" ಅಂತ ಐದಾರು ಸಲ ಒತ್ತುತ್ತಾರೆ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸ ಅರ್ಜಿ ಮಾಡಬಾರದು, ಇದ್ದದ್ದಕ್ಕೇ ಸೇರಿಸಬೇಕು. ಇದನ್ನು ಬಿಟ್ಟರೆ ಒಂದು ಗೋಡೆಗೆ ಐದು ಅರ್ಜಿ. ಶುಲ್ಕ ಇರುವ ಸೇವೆಯಲ್ಲಿ ಐದು ಸಲ ದುಡ್ಡು.

ಈಗ ಫೋಟೊ. ಇವತ್ತಿನ ಫೋನಿನಲ್ಲಿ ಒಂದು ಫೋಟೊ ಮೂರರಿಂದ ಐದು ಎಂಬಿ. ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅದು ಹೋಗುವ ಮಾತೇ ಇಲ್ಲ. "ಫೈಲ್ 200 ಕೆಬಿ ಒಳಗಿರಬೇಕು" ಅಂತ ಜನರಿಗೆ ಹೇಳುವ ಪುಟಗಳಿವೆ. ಕಡಿಮೆ ಮಾಡುವುದು ಪುಟದ ಕೆಲಸ. ಅಗಲ 1280 ಪಿಕ್ಸೆಲ್‌ಗೆ ಇಳಿಸಿ ಜೆಪೆಗ್ ಗುಣಮಟ್ಟ 70ಕ್ಕೆ ಇಟ್ಟರೆ ಫೋಟೊ ಬಹಳ ಸಣ್ಣದಾಗುತ್ತದೆ, ಗೋಡೆಯ ಬಿರುಕು ಚೆನ್ನಾಗಿಯೇ ಕಾಣುತ್ತದೆ. ಆದರೆ ಇಲ್ಲೊಂದು ಹೊಂಡ ಇದೆ. ಬ್ರೌಸರಿನಲ್ಲಿ ಹೀಗೆ ಸಣ್ಣದು ಮಾಡಿದಾಗ ಫೋಟೊದೊಳಗೆ ಅಡಗಿರುವ ಸ್ಥಳ ಮತ್ತು ಸಮಯದ ಮಾಹಿತಿ ಅಳಿಸಿಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೂ ಹಾಗೆಯೇ. ಅದಕ್ಕೇ ಫೋಟೊ ತೆಗೆಯುವಾಗಲೇ ಸ್ಥಳವನ್ನು ಬೇರೆಯಾಗಿ ಓದಿ ಅರ್ಜಿಯ ಜೊತೆ ಇಡಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಆಕಾಶ ಕಾಣಬೇಕು ಅಷ್ಟೇ. ದಟ್ಟ ಮರದಡಿ ಗುರುತು ಆಚೀಚೆ ಆಗುತ್ತದೆ, ಅಂಗಳಕ್ಕೆ ಬಂದು ತೆಗೆಯಲು ಹೇಳಿ. ಎರಡು ಫೋಟೊ ಸಾಕು: ದೂರದಿಂದ ಮನೆ ಪೂರ್ತಿ, ಹತ್ತಿರದಿಂದ ಹಾನಿ. "ಮಣ್ಣು ತೆಗೆಯುವ ಮೊದಲು ಫೋಟೊ ತೆಗೆಯಿರಿ" ಎಂಬ ಮಾತು ಕ್ಯಾಮೆರಾ ಬಟನ್ನಿನ ಮೇಲೆಯೇ ಇರಲಿ. ನಮ್ಮ ಜನ ಅಧಿಕಾರಿ ಬರುವುದನ್ನು ಕಾಯದೆ ಅಂಗಳ ಚೊಕ್ಕ ಮಾಡಿಬಿಡುತ್ತಾರೆ, ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.

ಓಟಿಪಿ ಬೇಡ. ಸುಳ್ಳು ಅರ್ಜಿ ಬಂದರೆ ಏನು ಮಾಡುವುದು ಅಂತ ಕೇಳುತ್ತೀರಿ. ಹೇಗೂ ಒಬ್ಬರು ಸ್ಥಳಕ್ಕೆ ಬಂದು ನೋಡುತ್ತಾರಲ್ಲ, ಗೋಡೆ ಬಿದ್ದಿದೆಯೋ ಇಲ್ಲವೋ ಅಲ್ಲೇ ಕಾಣುತ್ತದೆ.

ಕಾಗದದ ಹಾಳೆ ಮರೆಯಬೇಡಿ. ವೆಬ್ ಪುಟದ ಪ್ರಶ್ನೆಗಳೇ, ಅದೇ ಕ್ರಮದಲ್ಲಿ, ಒಂದೇ ಬದಿಯಲ್ಲಿ ಇರಲಿ. ಅಂಗನವಾಡಿ, ಹಾಲಿನ ಡೇರಿ, ಸೊಸೈಟಿಯಲ್ಲಿ ಮೇ ತಿಂಗಳಲ್ಲೇ ಒಂದೊಂದು ಕಟ್ಟು ಇಟ್ಟುಬಿಡಿ. ಕರೆಂಟ್ ಬಂದ ಮೇಲೆ ಆಪರೇಟರ್ ನೋಡಿ ಒತ್ತಿದರಾಯಿತು. ಕ್ರಮ ಬೇರೆ ಇದ್ದರೆ ಮಾತ್ರ ತಪ್ಪು ಶುರು.

ಹೆಜ್ಜೆ 6: ಮುಟ್ಟಿತು ಅಂತ ಹೇಳುವುದು

ಕರ್ನಾಟಕದಲ್ಲಿ ಇದಕ್ಕೆ ಹಿಂದಿನ ಒಳ್ಳೆಯ ಉದಾಹರಣೆ ಸಕಾಲ. ಸರ್ಕಾರಿ ಸೇವೆ ಗಡುವಿನೊಳಗೆ ಕೊಡಬೇಕು ಅನ್ನುವ 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದೆಲ್ಲೆಡೆ ಜಾರಿ. ಅರ್ಜಿ ಕೊಟ್ಟವರ ಕೈಗೆ 15 ಅಂಕಿಯ ಸಂಖ್ಯೆ, ಕೆಲಸ ಮುಗಿಯಬೇಕಾದ ದಿನ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಅದರ ಜೀವ ಇದ್ದದ್ದು ದಿನಾಂಕದಲ್ಲಿ. "ಮುಂದಿನ ವಾರ ಬನ್ನಿ" ಎಂಬ ಮಾತಿಗೆ ಎದುರಾಗಿ ಜನರ ಕೈಯಲ್ಲೂ ಒಂದು ತಾರೀಕು ಇತ್ತು. ನಿಮ್ಮ ಪುಟವೂ ಒಂದು ದಿನ ಹೇಳಲಿ. ಸಂಖ್ಯೆ ಮಾತ್ರ 15 ಅಂಕಿ ಬೇಡ, ಒಂದು ಪಂಚಾಯತಿಗೆ ಮೂರಂಕಿ ಸಾಕು. ಫೋನಿನಲ್ಲಿ ಹೇಳಲು ಬರಬೇಕು.

ಎಸ್‌ಎಂಎಸ್ ಬರೆಯುವಾಗ ಒಂದು ಲೆಕ್ಕ ನೆನಪಿಡಿ. ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 70 ಮಾತ್ರ. ಆ 70ರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. "ಸ್ತ್ರೀ" ಅಂತ ಬರೆದರೆ ಆರು ಹೋಯಿತು. ಈಗ ಇದನ್ನು ನೋಡಿ:

"ತಮ್ಮ ಅರ್ಜಿಯನ್ನು ಯಶಸ್ವಿಯಾಗಿ ಸ್ವೀಕರಿಸಲಾಗಿದೆ ಹಾಗೂ ಮುಂದಿನ ಕ್ರಮಕ್ಕಾಗಿ ಸಂಬಂಧಪಟ್ಟ..."

"ಸಂಬಂಧಪಟ್ಟ" ಮುಗಿಯುವ ಮೊದಲೇ 70 ದಾಟಿತು. ಎರಡು ಸಂದೇಶದ ದುಡ್ಡು, ವಿಷಯ ಮಾತ್ರ ಏನೂ ಇಲ್ಲ. ಬದಲಿಗೆ:

"ಮಳೆಹಾನಿ ಅರ್ಜಿ 214 ಬಂದಿದೆ. ಗುರುವಾರದೊಳಗೆ ಸ್ಥಳ ನೋಡಲು ಬರುತ್ತೇವೆ."

ಖಾಲಿ ಜಾಗ, ಚುಕ್ಕಿ ಸೇರಿ 60. ಸಂಖ್ಯೆ ಇದೆ, ದಿನ ಇದೆ, ಯಾರು ಏನು ಮಾಡುತ್ತಾರೆ ಅಂತ ಇದೆ. ಸಂದೇಶದ ಮಾದರಿಯನ್ನು ಟೆಲಿಕಾಂ ಕಂಪನಿಗಳು ನಡೆಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಹಾಗಾಗಿ ಮಾತುಗಳನ್ನು ಬೇಸಿಗೆಯಲ್ಲೇ ಗಟ್ಟಿ ಮಾಡಿಕೊಳ್ಳಿ.

ಫೋನ್ ಇಲ್ಲದವರಿಗೆ ಕಾರ್ಬನ್ ಹಾಕಿದ ರಸೀದಿ ಪುಸ್ತಕ. ಅದೇ ಸಂಖ್ಯೆ, ಅದೇ ದಿನ.

ಹೆಜ್ಜೆ 7: ಮೇಜಿನ ಆಚೆ ಬದಿ

ಅರ್ಜಿ ಕೊಡುವವರ ಕಡೆ ಎಷ್ಟು ಚೆಂದ ಮಾಡಿದರೂ ತೆಗೆದುಕೊಳ್ಳುವವರ ಕಡೆ ಕಷ್ಟವಾದರೆ ಕೆಲಸ ನಿಲ್ಲುತ್ತದೆ. ಒಬ್ಬರೇ ಗ್ರಾಮ ಆಡಳಿತ ಅಧಿಕಾರಿ, ಕೈಯಲ್ಲಿ ಹಲವು ಊರು, ಓಡಾಟಕ್ಕೆ ಒಂದು ಬೈಕು, ಮೇಲೆ ಸುರಿಯುವ ಮಳೆ. ಅವರಿಗೆ ಬೇಕಾಗಿರುವುದು ಬಣ್ಣದ ಗ್ರಾಫ್ ಇರುವ ಡ್ಯಾಶ್‌ಬೋರ್ಡ್ ಅಲ್ಲ. ಮಜರೆವಾರು ಜೋಡಿಸಿದ ಒಂದು ಪಟ್ಟಿ ಬೇಕು, ಒಂದೇ ದಾರಿಯಲ್ಲಿ ಸಿಗುವ ಮನೆಗಳು ಒಟ್ಟಿಗೆ ಬರಬೇಕು. ಮಲಗಲು ಆಗದ ಮನೆಗಳು ಮೇಲೆ. ಬೆಳಗ್ಗೆ ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿ ಜೇಬಿಗೆ ಇಟ್ಟುಕೊಳ್ಳುವಂತೆ ಇರಬೇಕು. ಒಂದು ಎ4 ಹಾಳೆ, ಒಂದೊಂದು ಮನೆಗೆ ಒಂದೊಂದು ಸಾಲು, ಕೊನೆಗೆ ಬರೆದುಕೊಳ್ಳಲು ಜಾಗ.

ಕಂದಾಯ ಇಲಾಖೆಯ ತಂತ್ರಾಂಶಕ್ಕೆ ಅವರು ಮತ್ತೆ ಒತ್ತಲೇಬೇಕು. ಆ ಪರದೆಯಲ್ಲಿ ಕಾಲಂಗಳು ಯಾವ ಕ್ರಮದಲ್ಲಿವೆಯೋ ನಿಮ್ಮ ಪಟ್ಟಿಯೂ ಅದೇ ಕ್ರಮದಲ್ಲಿ ಇರಲಿ. ಇದು ಅವರನ್ನೇ ಕೇಳಿ ಮಾಡಿ. ಕೇಳಿದರೆ ಖುಷಿಯಿಂದ ಹೇಳುತ್ತಾರೆ, ಈವರೆಗೆ ಯಾರೂ ಕೇಳಿರುವುದಿಲ್ಲ.

2000ರ ಸುಮಾರಿಗೆ ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಾಗ ಕೆಲಸ ಗಟ್ಟಿಯಾದದ್ದೂ ಹೀಗೇ. ಒತ್ತಿದ ದಾಖಲೆಗಳನ್ನು ಆಯಾ ಊರಿನ ಗ್ರಾಮ ಲೆಕ್ಕಿಗರಿಂದಲೇ (ಈಗಿನ ಗ್ರಾಮ ಆಡಳಿತ ಅಧಿಕಾರಿ) ತಾಳೆ ನೋಡಿಸಿದರು. ಆಮೇಲೆ ಕೈಬರಹದ ಪಹಣಿ ನಡೆಯುವುದಿಲ್ಲ ಅಂದರು. ಎರಡು ಪದ್ಧತಿ ಒಟ್ಟಿಗೆ ನಡೆಯಲು ಬಿಟ್ಟಿದ್ದರೆ ಇವತ್ತಿಗೂ ಎರಡೂ ನಡೆಯುತ್ತಿದ್ದವು. ನಿಮ್ಮಲ್ಲೂ ಕಾಗದದಲ್ಲಿ ಬಂದದ್ದು, ಫೋನಿನಲ್ಲಿ ಬಂದದ್ದು, ವೆಬ್‌ನಲ್ಲಿ ಬಂದದ್ದು ಎಲ್ಲ ಒಂದೇ ಪಟ್ಟಿಗೆ ಸೇರಬೇಕು. ಬರುವ ದಾರಿ ಮೂರು, ಪಟ್ಟಿ ಒಂದು.

ಹೆಜ್ಜೆ 8: ಗುಟ್ಟು ಕಾಯುವುದು

ಪಂಚಾಯತಿಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಆಧಾರ್ ಕಾರ್ಡಿನ ಫೋಟೊ, ಪಾಸ್‌ಬುಕ್ಕಿನ ಫೋಟೊ ತಿರುಗುವುದನ್ನು ಎಲ್ಲರೂ ನೋಡಿದ್ದೇವೆ. ಇದನ್ನು ನಿಲ್ಲಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವುದು ಒಂದು ಕಡೆಗಿರಲಿ, ಒಡೆದ ಮನೆಯೊಳಗಿನ ಫೋಟೊ ಊರಿಗೆಲ್ಲ ಹರಿದಾಡಿದರೆ ಆ ಮನೆಯವರಿಗೆ ಹೇಗಾಗಬೇಡ? ಪಟ್ಟಿ ನೋಡುವ ಅನುಮತಿ ಹೆಸರು ಹಿಡಿದು ಕೊಡಿ. ಒಬ್ಬರ ಪಾಸ್‌ವರ್ಡ್ ಇಡೀ ಕಚೇರಿಗೆ ಬೇಡ, ಅದನ್ನು ಮಾನಿಟರಿಗೆ ಚೀಟಿ ಅಂಟಿಸಿ ಬರೆದಿಡುವುದಂತೂ ಬೇಡವೇ ಬೇಡ.

ಹೆಜ್ಜೆ 9: ಮೇ ತಿಂಗಳಲ್ಲಿ ಪರೀಕ್ಷೆ

ಜೂನ್ ಬಂದ ಮೇಲೆ ಪರೀಕ್ಷೆಗೆ ಹೊತ್ತಿಲ್ಲ. ಮೇ ತಿಂಗಳಲ್ಲಿ ಒಂದು ಹಳೇ ಆ್ಯಂಡ್ರಾಯ್ಡ್ ಫೋನ್ ಹಿಡಿದು ಹೊರಡಿ. ಗಾಜು ಒಡೆದಿದ್ದರೆ ಇನ್ನೂ ಒಳ್ಳೆಯದು. ಕಾರವಾರದ ರವಿವಾರದ ಸಂತೆ, ಶಿರಸಿಯ ಬಸ್‌ಸ್ಟ್ಯಾಂಡ್, ಹಾಲಿನ ಡೇರಿಯ ಕಟ್ಟೆ. ಐದಾರು ಜನರ ಕೈಗೆ ಫೋನ್ ಕೊಟ್ಟು, "ಅಕ್ಕ, ನಿಮ್ಮ ಮನೆ ಗೋಡೆ ನಿನ್ನೆ ಬಿತ್ತು ಅಂತ ಇಟ್ಟುಕೊಳ್ಳಿ, ಪಂಚಾಯತಿಗೆ ತಿಳಿಸಿ ನೋಡುವ" ಅನ್ನಿ. ಆಮೇಲೆ ಬಾಯಿ ಮುಚ್ಚಿ ನಿಲ್ಲಿ. ಇದು ಕಷ್ಟ. ಅವರ ಬೆರಳು ತಪ್ಪು ಜಾಗದ ಕಡೆ ಹೋಗುವಾಗ "ಅಲ್ಲಲ್ಲ, ಇಲ್ಲಿ ಒತ್ತಿ" ಅನ್ನಲು ನಾಲಗೆ ತುರಿಸುತ್ತದೆ. ಹೇಳಿದರೆ ಪರೀಕ್ಷೆ ಮುಗಿಯಿತು, ಏನೂ ಗೊತ್ತಾಗಲಿಲ್ಲ. ಎಲ್ಲಿ ನಿಂತರು, ಯಾವುದನ್ನು ಎರಡು ಸಲ ಓದಿದರು, ಪಕ್ಕದವರನ್ನು ಯಾವಾಗ ಕೇಳಿದರು ಅಂತ ಬರೆದುಕೊಳ್ಳಿ. ಒಂದೇ ಜಾಗದಲ್ಲಿ ಇಬ್ಬರು ತಡವರಿಸಿದರೆ ಆ ಜಾಗ ಬದಲಾಯಿಸಲು ಅಷ್ಟು ಸಾಕು, ಮೂರನೆಯವರಿಗೆ ಕಾಯಬೇಡಿ.

ಇನ್ನೊಂದು ಪರೀಕ್ಷೆ ನೀವೇ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಅರ್ಜಿ ತುಂಬಿ, ನಡುವೆ ಫೋನ್ ಆಫ್ ಮಾಡಿ, ಮತ್ತೆ ಆನ್ ಮಾಡಿ. ಬರೆದದ್ದು ಹಾಗೇ ಇದೆಯಾ? ಇಲ್ಲದಿದ್ದರೆ ಐದನೇ ಹೆಜ್ಜೆಗೆ ವಾಪಸ್.

ಮೀನುಗಾರರ ಹತ್ತಿರ ಮಾತಾಡಬೇಕಿದ್ದರೆ ಜೂನ್, ಜುಲೈ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ದೋಣಿಗಳು ದಡದಲ್ಲಿ ಇರುತ್ತವೆ, ಬಲೆ ಹೆಣೆಯುತ್ತಾ ಕೂತವರು ಮಾತಿಗೆ ಸಿಗುತ್ತಾರೆ.

ಹೆಜ್ಜೆ 10: ಮಳೆ ನಿಂತ ಮೇಲೆ

ಅಕ್ಟೋಬರ್‌ನಲ್ಲಿ ಪಟ್ಟಿ ತೆರೆಯಿರಿ. ಎಷ್ಟು ಅರ್ಜಿ ಶುರುವಾದವು, ಎಷ್ಟು ಮುಟ್ಟಿದವು, ಯಾವ ಪ್ರಶ್ನೆಯಲ್ಲಿ ಜನ ಬಿಟ್ಟುಹೋದರು, ಹೇಳಿದ ದಿನಕ್ಕೆ ಸ್ಥಳ ನೋಡಿದ್ದು ಎಷ್ಟು. ಕಾಗದದಲ್ಲಿ ಬಂದ ಅರ್ಜಿ ಯಾವ ಮಜರೆಯಿಂದ ಜಾಸ್ತಿ ಅಂತ ನೋಡಿದರೆ ಟವರ್ ಎಲ್ಲಿ ಇಲ್ಲ ಅಂತಲೂ ಗೊತ್ತಾಗುತ್ತದೆ, ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ. ಒಂದೂ ಅರ್ಜಿ ಬಾರದ ಮಜರೆ ಇದ್ದರೆ ಅಲ್ಲಿ ಹಾನಿಯೇ ಆಗಿಲ್ಲ ಅಂದುಕೊಳ್ಳಬೇಡಿ, ಒಮ್ಮೆ ಹೋಗಿ ಬನ್ನಿ. ವಿಲೇವಾರಿ ಆದ ಅರ್ಜಿಗಳ ಫೋಟೊ ಮತ್ತು ಧ್ವನಿಯನ್ನು ಕಡತದ ಪ್ರತಿ ಇಟ್ಟುಕೊಂಡು ಸರ್ವರಿನಿಂದ ಅಳಿಸಿ. ಸೊಸೈಟಿ, ಡೇರಿಯಲ್ಲಿ ಉಳಿದ ಹಳೇ ಹಾಳೆಗಳನ್ನೂ ವಾಪಸ್ ತನ್ನಿ. ಮುಂದಿನ ಮೇ ತಿಂಗಳಲ್ಲಿ ತಿದ್ದಿದ ಹಾಳೆ ಇಡುವಾಗ ಎರಡೂ ಒಟ್ಟಿಗೆ ಇರಬಾರದು.